ಬೆರಳಿಡುವ ಶಾಸ್ತ್ರ

ನಮ್ಮೂರಿನಲ್ಲಿ ಪದ್ಯ ಏನು ಹೇಳಿತು ಎಂದು ಯಾರೂ ಕೇಳುವುದಿಲ್ಲ, ಏನು ಮಾಡಿತು ಎಂದು ಕೇಳುತ್ತಾರೆ. ಚೌಕದಲ್ಲಿ ಆಳೆತ್ತರ ನಿಂತಿರುವ ದೊಡ್ಡ ಹಲಗೆಯಿಂದ ಹಿಡಿದು ಮನೆಮನೆಯ ಗೋಡೆಯ ಮೇಲಿರುವ ಸಣ್ಣ ಹಲಗೆಯವರೆಗೆ ಎಲ್ಲಾ ಒಂದೇ ಗಾಜು, ಒಂದೇ ಬೆಳಕು. ಪದ್ಯ ಕಟ್ಟಿಸಬೇಕೆನ್ನುವವರು ಅದರ ಮುಂದೆ ಕೂತು, ಅಂಗೈ ಇಟ್ಟು, ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳಬೇಕು. ಹಲಗೆ ಕೇಳಿಸಿಕೊಳ್ಳುತ್ತದೆ, ತನಗೆ ತೋಚಿದ ಹಾಗೆ ಕಟ್ಟುತ್ತದೆ. ಓದುವವರು ಬಂದು ಬೆರಳಿಟ್ಟರೆ ಅಕ್ಷರಗಳು ಅರಳುತ್ತವೆ, ಓಡುತ್ತವೆ, ಕೆಲವು ಬೆರಳ ಕೆಳಗೇ ಅವಿತುಕೊಂಡು ಸತಾಯಿಸುತ್ತವೆ. ಪಾತ್ರೆಗೆ ಕಲಾಯಿ ಹಾಕುವ ಹುಸೇನಣ್ಣ ತೀರಿಹೋದ ಹೆಂಡತಿಗೆ ಕಟ್ಟಿಸಿದ ಪದ್ಯದಲ್ಲಿ ಇರುವುದು ‘ಬಾ’ ಎನ್ನುವ ಒಂದೇ ಅಕ್ಷರ. ಬೆರಳು ಹತ್ತಿರ ತಂದಷ್ಟೂ ಅದು ದೂರ ಸರಿಯುತ್ತದೆ. ಹಲಗೆಯ ಈ ಮೂಲೆಯಿಂದ ಆ ಮೂಲೆಗೆ ಅಟ್ಟಿಸಿಕೊಂಡು ಹೋದರೂ ಸಿಗುವುದಿಲ್ಲ. ಅದನ್ನು ಓದಿ ಬಂದ ದಿನ ನನಗೆ ಅನ್ನ ಸೇರಿರಲಿಲ್ಲ. ಬರೆದಿರುವುದು ‘ಬಾ’, ಮಾಡುವುದು ಹೋಗುವುದು. ಆ ಎರಡರ ನಡುವೆ ಹುಸೇನಣ್ಣನ ಸಂಸಾರವೆಲ್ಲ ಇತ್ತು.

ನಾನು ಚೆನ್ನಾಜಮ್ಮ, ಸಂತೆಬೀದಿಯಲ್ಲಿ ಹಿಟ್ಟಿನ ಗಿರಣಿ ನಡೆಸುವವಳು. ಗಿರಣಿಯ ಸದ್ದಿನ ಮೇಲೆ ಕೂಗಿ ಕೂಗಿ ನನ್ನ ಗಂಟಲು ಎಂಥದಾಗಿದೆಯೆಂದರೆ, ನಾನು ಗುಟ್ಟು ಹೇಳಿದರೂ ಎದುರು ಸಾಲಿನ ಅಂಗಡಿಯವರು ತಿರುಗಿ ನೋಡುತ್ತಾರೆ. ನನ್ನ ಮಗಳು ಕುಮುದ ನನ್ನ ತದ್ವಿರುದ್ಧ. ಔಷಧಿ ಅಂಗಡಿಯಲ್ಲಿ ಕೆಲಸ. ಮಾತ್ರೆಯ ಪಟ್ಟಿ ಕೈಗೆ ತಗೊಂಡರೆ ಹಿಂದೆ ಮುಂದೆ ತಿರುಗಿಸಿ, ಓದಿ, ಇನ್ನೊಮ್ಮೆ ಓದಿ ಆಮೇಲೆ ಕೊಡುವವಳು. ‘ಇವಳ ಕೈಯಲ್ಲಿ ಮಾತ್ರೆ ಸಿಗೋ ಹೊತ್ತಿಗೆ ಜ್ವರ ತಾನೇ ಬಿಟ್ಟುಹೋಗಿರುತ್ತೆ’ ಎಂದು ನಾನೇ ಎಷ್ಟು ಸಲ ರೇಗಿಸಿಲ್ಲ.

ಅವಳಿಗೆ ತ್ರಿನೇತ್ರನ ಸಂಬಂಧ ಬಂದಾಗ ನಾನು ಕುಣಿದಾಡಿಬಿಟ್ಟೆ. ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವ ಅಂಗಡಿ ಅವನದು. ನೋಡಲು ಲಕ್ಷಣವಾಗಿದ್ದಾನೆ, ಮಾತು ಬೆಣ್ಣೆ. ಗಿರಣಿಗೆ ಬಂದವನು ಅರಳು ಹುರಿದ ಹಾಗೆ ಮಾತಾಡುತ್ತಲೇ ರಾಗಿ ಮೂಟೆ ಎತ್ತಿ ಒಳಗಿಟ್ಟು, ‘ಅತ್ತೆ, ಇಂಥದ್ದೆಲ್ಲ ನೀವು ಎತ್ತಬಾರದು’ ಎಂದಿದ್ದ. ಇನ್ನೂ ಮಾತುಕತೆಯೇ ಆಗಿರಲಿಲ್ಲ, ಆಗಲೇ ಅತ್ತೆ! ನಾನು ಕರಗಿ ನೀರಾದೆ. ಅವನ ತಾಯಿ ರಾಜಮ್ಮಣ್ಣಿಯೂ ಬಂದು, ‘ನಮ್ಮ ಹುಡುಗ ಪದ್ಯ ಕಟ್ಟಿಸಿದಾನೆ ಕಣ್ರೀ, ಹಲಗೆ ಮುಂದೆ ಕೂತು ಕಣ್ಣೀರು ಹಾಕ್ಕೊಂಡು ಕಟ್ಟಿಸಿದಾನೆ’ ಎಂದರು. ಕುಮುದಳನ್ನು ಕೇಳಿದರೆ, ‘ನೋಡೋಣಮ್ಮ’ ಎಂದಳು. ಅವಳ ಬಾಯಲ್ಲಿ ಅದು ಒಪ್ಪಿಗೆಯೋ ಅಲ್ಲವೋ ದೇವರಿಗೇ ಗೊತ್ತು, ನಾನು ಒಪ್ಪಿಗೆಯೆಂದೇ ತಿಳಿದೆ.

ನಮ್ಮೂರಿನ ಮದುವೆಗಳು ಹಲಗೆಯ ಮುಂದೆಯೇ ಗಟ್ಟಿಯಾಗುವುದು. ಹುಡುಗ ಪದ್ಯ ಕಟ್ಟಿಸುತ್ತಾನೆ, ಹುಡುಗಿ ಚೌಕದಲ್ಲಿ ಎಲ್ಲರೆದುರು ಬಂದು ಬೆರಳಿಡುತ್ತಾಳೆ, ಪದ್ಯ ಅರಳುತ್ತದೆ, ಎಲೆ ಅಡಿಕೆ ಬದಲಾಯಿಸುತ್ತಾರೆ. ‘ಬೆರಳಿಟ್ಟಳಂತಾ?’ ಎಂದರೆ ಒಪ್ಪಿದಳಾ ಎಂದು ಅರ್ಥ. ಹಲಗೆಯ ಮೇಲಿನ ಬಟ್ಟೆ ಸರಿಯುತ್ತಿದ್ದ ಹಾಗೆ ಬೆರಳಿಡಬೇಕು, ಅದೇ ಮರ್ಯಾದೆ. ಪದ್ಯವನ್ನು ಸುಮ್ಮನೆ ನಿಲ್ಲಿಸುವುದೆಂದರೆ ಬಡಿಸಿದ ಎಲೆಯ ಮುಂದೆ ಕೈಕಟ್ಟಿ ಕೂತ ಹಾಗೆ. ಹಾಗಾಗಿ ನಮ್ಮೂರಿನಲ್ಲಿ ಯಾವ ಪದ್ಯವನ್ನೂ ಮುಟ್ಟದೆ ನೋಡಿದವರೇ ಇರಲಿಲ್ಲ. ಹಾಗೆ ನೋಡಬಹುದು ಎಂಬುದೇ ನಮ್ಮ ತಲೆಗೆ ಹೊಳೆದಿರಲಿಲ್ಲ.

ಶಾಸ್ತ್ರದ ದಿನ ಸಂಜೆ ಚೌಕದ ತುಂಬ ತ್ರಿನೇತ್ರನ ಅಂಗಡಿಯ ಕುರ್ಚಿಗಳು. ಶಾಸ್ತ್ರ ನಡೆಸುವವರು ನಮ್ಮ ನಂಜರಾಜ ಮೇಷ್ಟ್ರು, ಊರಿನ ಹಲಗೆಯ ಉಸ್ತುವಾರಿ ಅವರದೇ. ಕುಮುದ ತಿಳಿನೀಲಿ ಸೀರೆ ಉಟ್ಟು ಹಲಗೆಯ ಮುಂದೆ ನಿಂತಳು. ನಾನು ಅವಳ ಹಿಂದೆ, ನನ್ನ ಪಕ್ಕದಲ್ಲಿ ನಮ್ಮ ಯಜಮಾನರು. ತ್ರಿನೇತ್ರ ಹಲಗೆಯ ಆ ಬದಿಯಲ್ಲಿ ಕೈಕಟ್ಟಿ, ತಲೆ ತಗ್ಗಿಸಿ ನಿಂತಿದ್ದ. ಮೇಷ್ಟ್ರು ಬಟ್ಟೆ ಸರಿಸಿದರು.

ಗಾಜಿನ ಮೇಲೆ ಒಂದು ಕೊಳ. ಕಪ್ಪು ನೀರು, ಅಲುಗದ ನೀರು. ದಡದ ಮೇಲೆ ಒಂದೇ ಸಾಲು, ಮುತ್ತು ಪೋಣಿಸಿದ ಹಾಗೆ: ‘ನಿನಗಾಗಿ ಎಷ್ಟು ಹೊತ್ತಾದರೂ ಕಾಯುವೆ’. ಜನರೆಲ್ಲ ‘ಆಹಾ’ ಎಂದರು. ಕುಮುದ ಎಂದರೆ ನೈದಿಲೆ ತಾನೆ, ಅದಕ್ಕೇ ಕೊಳ, ಬೆರಳಿಟ್ಟ ಕೂಡಲೆ ನೈದಿಲೆ ಅರಳುತ್ತದೆ ನೋಡುತ್ತಿರಿ ಎಂದು ಪಕ್ಕದ ಮನೆಯ ಸುಂದ್ರಿ ನನ್ನ ಕಿವಿಯಲ್ಲಿ ಉಸುರಿದಳು. ನನಗೆ ಕಣ್ಣು ತುಂಬಿಬಂತು. ನನ್ನ ಮಗಳಿಗಾಗಿ ಎಷ್ಟು ಹೊತ್ತಾದರೂ ಕಾಯುವವನು ಸಿಕ್ಕಿದನಲ್ಲ ಎಂದು ಒಳಗೊಳಗೇ ದೇವರಿಗೆ ಕೈಮುಗಿದೆ.

ಕುಮುದ ಬೆರಳಿಡಲಿಲ್ಲ. ಸಾಲನ್ನು ನೋಡುತ್ತ ನಿಂತಳು. ನಾಚಿಕೆ ಇರಬೇಕು ಎಂದು ಹೆಂಗಸರು ನಕ್ಕರು. ಮೇಷ್ಟ್ರು ಕೆಮ್ಮಿದರು. ಅವಳ ಬಲಗೈ ಸೀರೆಯ ನೆರಿಗೆಯನ್ನು ಹಿಡಿದುಕೊಂಡೇ ಇತ್ತು.

ಆಗ ಗಾಜಿನ ಮೇಲೆ ‘ನಿನಗಾಗಿ’ ಎನ್ನುವುದು ದಡದಿಂದ ಜಾರಿ ನೀರಿಗೆ ಬಿತ್ತು. ಯಾರೂ ಮುಟ್ಟಿರಲಿಲ್ಲ, ತಾನೇ ಬಿತ್ತು. ನಾವೆಲ್ಲ ಇದೂ ಪದ್ಯದ ಚಮತ್ಕಾರವಿರಬೇಕು ಎಂದುಕೊಂಡೆವು. ಇನ್ನೊಂದು ಕ್ಷಣಕ್ಕೆ ‘ಹೊತ್ತಾದರೂ’ ಎನ್ನುವುದರ ಬಾಲ ಕಳಚಿ ಮುಳುಗಿತು. ಉಳಿದದ್ದು ‘ಎಷ್ಟು ಹೊತ್ತು ಕಾಯುವೆ’. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನನಗೆ ನಗು ಬರಲಿಲ್ಲ. ‘ಎಷ್ಟು ಹೊತ್ತು’ ಎನ್ನುವ ಅಕ್ಷರಗಳು ಹಲ್ಲು ಕಚ್ಚಿದವರ ದವಡೆಯ ಹಾಗೆ ಬಿಗಿಯಾಗಿ, ಅದುರಿ, ಅವೂ ನೀರಿಗೆ ಬಿದ್ದವು. ಕೊನೆಗೆ ನೀರಿನ ನಟ್ಟನಡುವೆ ಉಳಿದದ್ದು ಒಂದೇ ಮಾತು: ‘ಕಾಯುವೆ’.

ಅದರ ಸುತ್ತ ನೀರಿನಲ್ಲಿ ಸಣ್ಣ ಗುಳ್ಳೆ ಎದ್ದವು. ಆಮೇಲೆ ದೊಡ್ಡ ಗುಳ್ಳೆ. ಆವಿ ಎದ್ದು ಗಾಜು ಮಂಜಾಯಿತು. ಅಯ್ಯೋ ದೇವರೇ, ಅಕ್ಷರ ಅದೇ, ಒಂದು ಕೊಂಬೂ ಬದಲಾಗಿಲ್ಲ, ಅರ್ಥ ಮಾತ್ರ ನಮ್ಮ ಕಣ್ಣೆದುರೇ ಮಗುಚಿಕೊಂಡಿತು. ಕಾಯುವುದೆಂದರೆ ಇದೂ ತಾನೆ, ಒಲೆಯ ಮೇಲಿಟ್ಟ ನೀರು ಮಾಡುವುದೂ ಇದನ್ನೇ ತಾನೆ. ಮಗಳಿಗಾಗಿ ಕಾಯುತ್ತಾನೆ ಎಂದು ನಾನು ಕೈಮುಗಿದಿದ್ದೆನಲ್ಲ, ಅವನು ಕಾಯುತ್ತಿದ್ದ, ನಿಜ. ಕೊತಕೊತ ಕಾಯುತ್ತಿದ್ದ. ಕರಿನೀರು ಕೆಂಪಾಗಿ ಆ ಕೆಂಪು ಬೆಳಕು ನನ್ನ ಮಗಳ ಮುಖದ ಮೇಲೆ, ಸೀರೆಯ ಮೇಲೆ ಕುಣಿಯತೊಡಗಿತು. ಅವಳು ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ.

ಆ ಗಾಬರಿಯಲ್ಲಿ ನನಗೆ ತೋಚಿದ್ದು ಒಂದೇ, ಬೆರಳಿಟ್ಟರೆ ಇದು ನಿಲ್ಲುತ್ತದೆ, ನೈದಿಲೆ ಅರಳುತ್ತದೆ, ಮಾನ ಉಳಿಯುತ್ತದೆ. ‘ಇಡೇ! ಕುಮುದಾ, ಇಡೇ!’ ಎಂದು ಗಿರಣಿಯ ಗಂಟಲಿನಲ್ಲಿ ಕೂಗಿದೆ.

ಕುದಿಯುವ ನೀರು ಒಂದು ಮಾತನ್ನು ಮೇಲಕ್ಕೆ ಎಸೆಯಿತು: ‘ಇಡೇ’. ಅದರ ಹಿಂದೆ ಇನ್ನೊಂದು ‘ಇಡೇ’. ಆಮೇಲೆ ಲೆಕ್ಕವಿಲ್ಲದಷ್ಟು, ಒಂದರ ಮೇಲೊಂದು ಹತ್ತಿ, ಹಲಗೆಯ ತುದಿಯವರೆಗೂ, ನನ್ನ ಮಗಳ ತಲೆಗಿಂತ ಎತ್ತರಕ್ಕೆ, ಇಡೇ ಇಡೇ ಇಡೇ. ಜನ ಹಲಗೆಯನ್ನು ನೋಡಿದರು, ಆಮೇಲೆ ತಿರುಗಿ ನನ್ನನ್ನು ನೋಡಿದರು. ನಾನು ಕೂಗಿದ್ದನ್ನು ಅದು ಹಿಡಿದುಕೊಂಡಿತೋ, ಮೊದಲೇ ಅದರ ಹೊಟ್ಟೆಯಲ್ಲಿ ಇತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಬಾಯಿಂದ ಬಂದ ಮಾತು, ನಾನು ಮಗಳನ್ನು ಊಟಕ್ಕೆಬ್ಬಿಸುವ, ಬೈಯುವ, ಮುದ್ದಿಸುವ ಅದೇ ರಾಗ, ಬೆಂಕಿಯ ಬಣ್ಣದಲ್ಲಿ ಗಾಜಿನ ತುಂಬ ನಿಂತು ಅವಳ ಮೇಲೆ ಬೀಳುವ ಹಾಗಿತ್ತು. ಬಾಯಿ ಮುಚ್ಚಿಕೊಳ್ಳಬೇಕೆಂದರೂ ಮುಚ್ಚಲಿಲ್ಲ, ತೆರೆದ ಬಾಯಿ ತೆರೆದೇ ಇತ್ತು.

ತ್ರಿನೇತ್ರನ ಮುಖ ಸುಣ್ಣದ ಹಾಗೆ ಬಿಳಿಚಿತ್ತು. ‘ನಾನು ಹೀಗೆ ಹೇಳ್ಲಿಲ್ಲ ಅತ್ತೆ, ದೇವರಾಣೆಗೂ ಹೇಳ್ಲಿಲ್ಲ. ನೈದಿಲೆ ಬಗ್ಗೆ ಹೇಳಿದ್ದು ನಾನು’ ಎಂದ. ಸುಳ್ಳು ಹೇಳುತ್ತಿರಲಿಲ್ಲ, ಪಾಪ, ಅವನೂ ನಮ್ಮಷ್ಟೇ ಬೆಚ್ಚಿಬಿದ್ದಿದ್ದ. ಅವಳ ಕಡೆ ತಿರುಗಿ, ‘ಕುಮುದಾ ಅವರೇ, ಒಂದು ಸಲ ಇಟ್ಟುಬಿಡಿ, ಎಲ್ಲ ಸರಿಹೋಗುತ್ತೆ’ ಎಂದ. ಅವಳು ಅಲ್ಲಾಡಲಿಲ್ಲ. ‘ಕುಮುದಾ, ಜನ ನೋಡ್ತಿದಾರೆ’ ಎಂದ. ಅವಳು ಈಗ ಹಲಗೆಯನ್ನು ಬಿಟ್ಟು ಅವನ ಮುಖವನ್ನು ನೋಡುತ್ತಿದ್ದಳು. ‘ಒಂದು ಬೆರಳಿಡೋಕೆ ಏನೇ ನಿಂಗೆ?’ ಎಂದುಬಿಟ್ಟ. ಅಂದವನೇ ಬಾಯಿಯ ಮೇಲೆ ಕೈ ಇಟ್ಟುಕೊಂಡ. ‘ಅವರೇ’ ಎಂದವನು ‘ಏನೇ’ ಎಂದದ್ದನ್ನು ಚೌಕದ ಕಂಬಗಳೂ ಕೇಳಿಸಿಕೊಂಡವು.

ಮೇಷ್ಟ್ರು ಹಲಗೆಯ ಮೇಲೆ ಬಟ್ಟೆ ಎಳೆದರು. ಬಟ್ಟೆಯೊಳಗಿಂದಲೂ ಕೆಂಪು ಕಾಣುತ್ತಿತ್ತು. ರಾಜಮ್ಮಣ್ಣಿ ಎದೆ ಎದೆ ಬಡಿದುಕೊಂಡು, ‘ನಮ್ಮ ಹುಡುಗನ್ನ ಬೀದೀಲಿ ನಿಲ್ಲಿಸಿ ಬೇಯಿಸಿಬಿಟ್ಟಳಲ್ಲಪ್ಪಾ’ ಎಂದು ಗೋಳಾಡಿದರು. ಮೇಷ್ಟ್ರು ಬಟ್ಟೆಯ ತುದಿ ಕಟ್ಟುತ್ತ, ‘ಬೆರಳಿಡದೆ ಶಾಸ್ತ್ರ ಮುಗಿಯೋದಿಲ್ಲ. ಹುಡುಗಿ ಕೈಲಿ ಆಗ್ಲಿಲ್ಲ ಅಂದ್ರೆ ಹೆತ್ತ ತಾಯಿ ಇಡಬಹುದು, ಅದೂ ಒಪ್ಪಿಗೇನೇ. ನಾಡಿದ್ದು ಬೆಳಿಗ್ಗೆವರೆಗೂ ಪದ್ಯ ಇಲ್ಲೇ ಇರುತ್ತೆ. ಯಾರೂ ಇಡಲಿಲ್ಲ ಅಂದ್ರೆ, ಚೆನ್ನಾಜಮ್ಮ, ನಿಮಗೇ ಗೊತ್ತಲ್ಲ’ ಎಂದರು.

ಗೊತ್ತಿತ್ತು, ಹಿರಿಯರಿಂದ ಕೇಳಿದ್ದೆ. ಪದ್ಯವನ್ನು ತಿರಸ್ಕರಿಸಿದವಳ ಹೆಸರಿಗೆ ಊರಿನ ಯಾವ ಹಲಗೆಯೂ ಇನ್ನೊಂದು ಪದ್ಯ ಕಟ್ಟುವುದಿಲ್ಲ. ಹೆಸರು ಹೇಳಿದರೆ ಗಾಜು ಕಪ್ಪಾಗೇ ಇರುತ್ತದೆ. ಮದುವೆಗೂ ಇಲ್ಲ, ಬಾಣಂತನಕ್ಕೂ ಇಲ್ಲ, ಸತ್ತ ಮೇಲೂ ಇಲ್ಲ. ನನ್ನ ಮಗಳ ಇಡೀ ಬಾಳು ಈಗ ನನ್ನ ಬೆರಳ ತುದಿಗೆ ಬಂದು ನಿಂತಿತ್ತು.

ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳನ್ನು ಬೈದೆ. ಹಾಳಾದವಳೇ, ಹಟಮಾರಿ, ಊರ ಮುಂದೆ ನನ್ನ ತಲೆ ತೆಗೆದೆಯಲ್ಲೇ ಎಂದೆ. ‘ಹಟ ಮಾಡ್ಲಿಲ್ಲಮ್ಮ. ಕೈ ಏಳ್ಲಿಲ್ಲ’ ಎಂದಳು. ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ, ‘ನಾಡಿದ್ದು ನೀನು ಇಡ್ತೀಯಾ?’ ಎಂದು ಕೇಳಿದಳು. ಯಜಮಾನರು ಮುಂದೆ ಹೋಗುತ್ತಿದ್ದವರು ತಿರುಗಿ ನೋಡದೆಯೇ, ‘ಇಡದೆ ಏನು ಮಾಡ್ತಾಳೆ’ ಎಂದರು.

ಮಾರನೆಯ ದಿನ ಗಿರಣಿ ತೆರೆದರೆ ಬೀದಿಗೆ ಗರ ಬಡಿದ ಹಾಗಿತ್ತು. ಹೆಂಗಸರು ಬರುತ್ತಾರೆ, ಗೋಧಿ ಸುರಿಯುತ್ತಾರೆ, ಮಾತಿಲ್ಲ. ಒಬ್ಬಳು ಹಿಟ್ಟು ಬೀಸಿಸಿ ಹಿಟ್ಟನ್ನೇ ಬಿಟ್ಟು ಹೋದಳು. ಸುಂದ್ರಿ ಬಂದು ಹೇಳಿದ ಮೇಲೆ ನನಗೆ ಸಂಗತಿ ತಿಳಿದದ್ದು. ಊರಿನ ಹೆಂಗಸರೆಲ್ಲ ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಗೋಡೆಯ ಹಲಗೆಯಲ್ಲಿ ತಮ್ಮ ತಮ್ಮ ಮದುವೆಯ ಪದ್ಯ ತೆರೆದು, ಮುಟ್ಟದೆ ಕೂತಿದ್ದರಂತೆ.

‘ಅಕ್ಕಾ, ನಮ್ಮನೇಯವನ ಬಾಯಿ ನಿಂಗೆ ಗೊತ್ತಲ್ಲ’ ಎಂದಳು ಸುಂದ್ರಿ. ಗೊತ್ತಿಲ್ಲದೆ ಏನು, ಅವಳ ಗಂಡ ಲಾರಿ ಓಡಿಸುವವನು, ಬಾಯಿ ತೆರೆದರೆ ಬೈಗುಳವೇ ಹೊರಡುವುದು. ‘ಅವನ ಪದ್ಯದಲ್ಲೂ ಬರೀ ಜೋರು ಕಣಕ್ಕಾ, ಬೆರಳಿಟ್ರೆ ಅಕ್ಷರ ಎಲ್ಲಾ ಹಾರ್ನ್ ಹೊಡ್ಕೊಂಡು ಓಡಾಡ್ತವೆ. ನಿನ್ನೆ ಕೈ ಕಟ್ಕೊಂಡು ಕೂತೆ. ಇವನ್ದು ಇನ್ನೇನು ಬೆಂಕೀನೇ ಕಾರುತ್ತೆ ಅಂತ ಎದೆ ಹೊಡ್ಕೋತಿತ್ತು. ಇಲ್ಲ ಕಣಕ್ಕಾ! ಸ್ವಲ್ಪ ಹೊತ್ತು ನೋಡಿದ್ವು, ಆಮೇಲೆ ಒಂದೊಂದೇ ಅಕ್ಷರ ಒಂದು ಪಕ್ಕಕ್ಕೆ ಸರ್ಕೊಂಡು ಮಲ್ಕೊಂಡ್ಬಿಟ್ವು. ಇನ್ನೊಂದು ಪಕ್ಕ ಖಾಲಿ ಬಿಟ್ಟವೆ. ಅದು ನಂಗೆ ಬಿಟ್ಟ ಜಾಗ ಕಣಕ್ಕಾ.’ ಹೇಳುತ್ತ ನಗುತ್ತಿದ್ದಳು, ಮೂಗು ಒರೆಸಿಕೊಳ್ಳುತ್ತಿದ್ದಳು. ಇಷ್ಟು ವರ್ಷ ಅವಳ ಸಂಸಾರ ನೋಡಿ ಅಯ್ಯೋ ಪಾಪ ಎನ್ನುತ್ತಿದ್ದವಳು ನಾನು. ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಎಲ್ಲರ ಕಥೆ ಹಾಗಿರಲಿಲ್ಲ. ಒಂದು ಮನೆಯಲ್ಲಿ ಅಕ್ಷರಗಳು ಹೆಂಡತಿಯ ಕಡೆಗೆ ಬೆನ್ನು ತಿರುಗಿಸಿ ನಿಂತವಂತೆ, ತಿರುಗಿಸಿದ್ದು ತಿರುಗಿಸಿದ ಹಾಗೇ. ಇನ್ನೊಂದು ಮನೆಯಲ್ಲಿ ಪದ್ಯ ತಾನೇ ಇನ್ಯಾವುದೋ ಬೆರಳಿಗಾಗಿ ತಡಕಾಡಿತಂತೆ. ಮೇಷ್ಟ್ರ ಮನೆಯಲ್ಲಿ ಹೆಂಡತಿ ಹಲಗೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತದ್ದೇ ತಡ, ಮೇಷ್ಟ್ರು ಓಡಿಹೋಗಿ ಫ್ಯೂಸು ಕಿತ್ತರಂತೆ. ‘ಕಿತ್ರೆ ಕೀಳ್ಲಿ, ಅದಕ್ಕಿಂತ ಇನ್ನೇನು ಓದ್ಬೇಕು’ ಎಂದಳಂತೆ ಆಕೆ.

‘ನಿಮ್ಮನೇದು ನೋಡಿದ್ಯಾ ಅಕ್ಕಾ?’ ಎಂದಳು ಸುಂದ್ರಿ. ‘ನಮ್ಮನೇದಕ್ಕೇನಾಗಿದೆ’ ಎಂದು ಗದರಿ ಕಳಿಸಿದೆ. ನಿಜಕ್ಕೂ ನನಗೆ ಹೆದರಿಕೆಯಿರಲಿಲ್ಲ. ನಮ್ಮ ಯಜಮಾನರು ಬಸವಲಿಂಗಪ್ಪನವರೆಂದರೆ ಊರಿಗೇ ಸಾಧು. ಗಿರಣಿಯ ಮೋಟಾರು, ಬೆಲ್ಟು ನೋಡಿಕೊಂಡು ತಮ್ಮ ಪಾಡಿಗೆ ತಾವಿರುವವರು. ನನ್ನ ಮೇಲೆ ಒಂದು ದಿನ ದನಿ ಎತ್ತಿದವರಲ್ಲ. ‘ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರ್ಬೇಕು ಕಣೇ, ನಿನ್ನ ಗಂಟಲಿಗೆ ಇವ್ರೇ ಸರಿ’ ಎಂದು ನನ್ನ ತಾಯಿಯೂ ಹೇಳುತ್ತಿದ್ದಳು. ಇವರನ್ನೇ ನಿದರ್ಶನ ಮಾಡಿಕೊಂಡು ಮಗಳಿಗೆ ಹೇಳಬೇಕೆಂದುಕೊಂಡೆ. ಎಲ್ಲ ಗಂಡಸರ ಪದ್ಯವೂ ಹಾಗಲ್ಲ, ತ್ರಿನೇತ್ರನಿಗೂ ಏನೋ ಗಾಬರಿಯಾಗಿರಬಹುದು, ನೋಡು ನಿಮ್ಮಪ್ಪನದನ್ನ, ಎಂದು ತೋರಿಸಿ ನಾಳೆ ಬೆಳಿಗ್ಗೆ ಹೋಗಿ ಬೆರಳಿಟ್ಟು ಬರುವುದೆಂದು ಗಟ್ಟಿ ಮಾಡಿಕೊಂಡೆ.

ಸಂಜೆ ದೀಪ ಹಚ್ಚಿ, ಕುಮುದಳನ್ನು ಕರೆದು, ಹಲಗೆಯ ಎದುರು ಚಾಪೆ ಹಾಕಿ ಕೂತೆ. ಯಜಮಾನರು ಆಗ ತಾನೇ ಕೈಕಾಲು ತೊಳೆದು ಬಂದು ಗೋಡೆಗೊರಗಿ ಕೂತಿದ್ದರು. ‘ಏನಿದು?’ ಎಂದರು. ‘ನಮ್ಮ ಪದ್ಯ ಮಗಳಿಗೆ ತೋರಿಸ್ತಿದೀನಿ ರೀ’ ಎಂದೆ. ‘ಬೆರಳಿಟ್ಟು ತೋರಿಸು’ ಎಂದರು. ‘ಇಡದೇ ತೋರಿಸ್ತೀನಿ’ ಎಂದೆ. ಒರಗಿದ್ದವರು ನೆಟ್ಟಗೆ ಕೂತರು.

ನಮ್ಮ ಪದ್ಯ ಒಂದು ಮೊರ. ಮೊರದ ತುಂಬ ಜೋಳದ ಕಾಳು, ಒಂದೊಂದು ಕಾಳಿನಲ್ಲಿ ಒಂದೊಂದು ಅಕ್ಷರ. ಬೆರಳಾಡಿಸಿದರೆ ಕಾಳು ಗಲಗಲ ಉರುಳಿ ಸಾಲಾಗುತ್ತವೆ: ‘ನೀನು ಬಂದೆ, ಮನೆ ತುಂಬಿತು’. ನನ್ನ ಮದುವೆಯಲ್ಲಿ ಊರೇ ಹೊಗಳಿದ ಪದ್ಯ ಅದು. ನಾನು ದಿನಾ ಗಿರಣಿಗೆ ಹೋಗುವ ಮುಂಚೆ ಒಮ್ಮೆ ಬೆರಳಾಡಿಸಿಯೇ ಹೋಗುವವಳು. ಇವತ್ತು ಕೈಯನ್ನು ಮಡಿಲಲ್ಲಿಟ್ಟುಕೊಂಡೆ.

ಕಾಳು ಸುಮ್ಮನಿದ್ದವು. ತುಂಬ ಹೊತ್ತು ಸುಮ್ಮನೇ ಇದ್ದವು. ನನಗೆ ಜೀವ ಬಂದ ಹಾಗಾಯಿತು. ‘ನೋಡಿದ್ಯೇನೇ? ಎಷ್ಟು ಸಮಾಧಾನ ನೋಡು ನಿಮ್ಮಪ್ಪನಿಗೆ’ ಎಂದೆ. ಕುಮುದ ಬೆರಳೆತ್ತಿ ಮೊರದ ಮೂಲೆಯನ್ನು ತೋರಿಸಿದಳು. ಒಂದು ಕಾಳು ಅಲುಗಿತ್ತು. ಅದು ಉರುಳಲಿಲ್ಲ, ಹುಳುವಿನ ಹಾಗೆ ತೆವಳಿತು. ಅದರ ಹಿಂದೆ ಇನ್ನೊಂದು, ಇನ್ನೊಂದು. ತೆವಳಿ ತೆವಳಿ ಮೊರದ ನಡುವೆ ಬಂದು ಗುಂಪು ಕಟ್ಟಿ ಒಂದು ಅಕ್ಷರವಾಗತೊಡಗಿದವು. ‘ಬೇ’. ಬೇಕು ಎನ್ನುತ್ತದೆಯೋ, ಬೇಡ ಎನ್ನುತ್ತದೆಯೋ? ಬೇಗ ಎನ್ನಬಹುದು, ಬೇರೆ ಎನ್ನಬಹುದು, ಬೇಸರವೂ ಇರಬಹುದು. ಮುಂದಿನ ಅಕ್ಷರಕ್ಕೆ ಕಾಳುಗಳು ಹೊರಟವು.

ಅಷ್ಟರಲ್ಲಿ ಒಂದು ಕೈ ನನ್ನ ಭುಜದ ಮೇಲಿಂದ ಬಂದು ಗಾಜಿನ ಮೇಲೆ ಅಂಗೈ ಊರಿತು. ಯಜಮಾನರದು. ಅವರು ಎದ್ದದ್ದೇ ನನಗೆ ಗೊತ್ತಾಗಿರಲಿಲ್ಲ. ಮದುವೆಯಾದ ದಿನದಿಂದ ಆ ಹಲಗೆಯನ್ನು ಮುಟ್ಟಿದವರೇ ಅಲ್ಲ ಅವರು. ಕಾಳು ಚೆಲ್ಲಾಪಿಲ್ಲಿಯಾಗಿ, ಗಲಗಲ ಉರುಳಿ, ಮುದ್ದಾಗಿ ಸಾಲು ನಿಂತವು: ‘ನೀನು ಬಂದೆ, ಮನೆ ತುಂಬಿತು’. ದಿನಾ ಬೆಳಿಗ್ಗೆ ಓದಿ ನಗುತ್ತಿದ್ದ ಸಾಲು ಮೊದಲ ಸಲ ನನಗೆ ಅಸಹ್ಯವಾಗಿ ಕಂಡಿತು.

‘ಸಾಕು ಈ ಆಟ’ ಎಂದರು. ದನಿ ಎಂದಿನ ಹಾಗೇ ಮೆತ್ತಗಿತ್ತು. ‘ಬೆಳಿಗ್ಗೆ ಎದ್ದು ಚೌಕಕ್ಕೆ ಹೋಗಿ ಬೆರಳಿಟ್ಟು ಬಾ. ಆ ಹುಡುಗನಿಗೇನಾಗಿದೆ? ಕಾಯಿಸಿದರೆ ಯಾರಿಗಾದ್ರೂ ಸಿಟ್ಟು ಬರುತ್ತೆ. ಈಗ ತಟ್ಟೆ ಹಾಕು.’ ಹೇಳಿ ಹೋಗಿ ತಮ್ಮ ಜಾಗದಲ್ಲಿ ಕೂತರು.

ನಾನು ಏಳಲಿಲ್ಲ. ಏಳಬಾರದೆಂದು ಕೂತದ್ದಲ್ಲ, ಅವರು ಹೇಳಿದ ಆ ಒಂದು ಮಾತು ನನ್ನನ್ನು ಹಿಡಿದು ಕೂರಿಸಿತ್ತು. ಕಾಯಿಸಿದರೆ. ನಾನು ಈ ಮನುಷ್ಯನನ್ನು ಯಾವತ್ತಾದರೂ ಕಾಯಿಸಿದ್ದೇನೆಯೇ? ಸ್ನಾನದ ಮನೆಯಿಂದ ಬರುವುದರೊಳಗೆ ಪಂಚೆ, ಕೂತರೆ ತಟ್ಟೆ, ತಟ್ಟೆಯ ಪಕ್ಕ ನೀರು, ಎದ್ದರೆ ಕೈಗೆ ಟವೆಲ್ಲು. ಜ್ವರ ಬಂದು ನನ್ನ ಮೈ ಕೆಂಡವಾಗಿದ್ದಾಗಲೂ, ಇವಳನ್ನು ಹೆತ್ತು ಮಲಗಿದ್ದಾಗಲೂ ಯಾರನ್ನಾದರೂ ಕರೆದು ಮಾಡಿಸಿದ್ದೇನೆ. ಕೇಳುವುದಕ್ಕಿಂತ ಮುಂಚೆ ಎಲ್ಲ ಮುಂದಿರುತ್ತಿತ್ತು. ಕೇಳುವ ಗೋಜೇ ಇಲ್ಲದವರು ದನಿ ಯಾಕೆ ಎತ್ತುತ್ತಾರೆ? ಇವರ ಸಾಧುತನವನ್ನು ಊರೆಲ್ಲ ಸಾರಿಕೊಂಡು ಬಂದವಳು ನಾನು. ಆ ಸಾಧುತನದ ಮೇಲೆ ದಿನಾ ಬೆಳಿಗ್ಗೆಯಿಂದ ರಾತ್ರಿಯವರೆಗೆ ನನ್ನ ಬೆರಳಿತ್ತು. ಒಂದು ಗಳಿಗೆ ಎತ್ತಿ ನೋಡಿದವಳಲ್ಲ.

‘ಹಸಿವಾಗ್ತಿದೆ ಕಣೇ’ ಎಂದರು. ಮೆತ್ತಗೇ ಎಂದರು.

ನಾನು ಅವರ ಮುಖವನ್ನು ನೋಡುತ್ತ ಕೂತೆ. ನಾಳೆ ನಾನು ಚೌಕಕ್ಕೆ ಹೋಗುವುದಿಲ್ಲ ಎಂಬುದು ಆ ಗಳಿಗೆಯಲ್ಲಿ ನನಗೆ ತಿಳಿದುಹೋಯಿತು. ಯಾವ ಹಲಗೆಯೂ ನನ್ನ ಮಗಳ ಹೆಸರಿಗೆ ಪದ್ಯ ಕಟ್ಟದಿದ್ದರೆ ಕಟ್ಟದಿರಲಿ. ಊರು ಏನು ಬೇಕಾದರೂ ಅನ್ನಲಿ. ಅವಳಿಗೆ ಕೈ ಏಳಲಿಲ್ಲ, ನನಗೂ ಏಳುವುದಿಲ್ಲ.

‘ಚೆನ್ನಾಜೀ’ ಎಂದರು. ಸ್ವಲ್ಪ ಹೊತ್ತಾಯಿತು. ‘ಕೇಳಿಸ್ತಾ ನಾನು ಹೇಳಿದ್ದು?’ ಎಂದರು. ಇನ್ನೂ ಸ್ವಲ್ಪ ಹೊತ್ತಾಯಿತು. ಅವರ ಹಣೆಯ ನರವೊಂದು ಎದ್ದುಕೊಂಡದ್ದನ್ನು ನೋಡಿದೆ. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದು ಅಲ್ಲೊಂದು ನರವಿರುವುದೇ ನನಗೆ ಗೊತ್ತಿರಲಿಲ್ಲ. ಕೆಳತುಟಿಯನ್ನು ಒಳಗೆಳೆದುಕೊಂಡರು, ಬಿಟ್ಟರು. ಅಂಗೈಯಿಂದ ನೆಲವನ್ನು ಒಮ್ಮೆ ತಟ್ಟಿದರು. ಆಮೇಲೆ ನಾನು ಎಂದೂ ಕೇಳಿರದ ಒಂದು ದನಿ ಆ ಮನೆಯಲ್ಲಿ ಹೊರಟಿತು.

‘ಏಳೇ.’

ಕುಮುದ ಗಡಬಡಿಸಿ, ‘ನಾನು ಬಡಿಸ್ತೀನಮ್ಮ’ ಎಂದು ಏಳಲು ಹೋದಳು. ನಾನು ಅವಳ ಮುಂಗೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡೆ. ಕಣ್ಣನ್ನು ಮಾತ್ರ ಅವರ ಮುಖದಿಂದ ತೆಗೆಯಲಿಲ್ಲ.

‘ಕೂತ್ಕೋ ಮಗಾ’ ಎಂದೆ. ‘ನಾನಿನ್ನೂ ಓದ್ತಾ ಇದೀನಿ.’